ಒತ್ತಡ, ಒತ್ತಡಂ

ನನ್ನ ಹೆಂಡತಿಯ ಎಡಭುಜದ ಗಂಟು ಎರಡನೇ ಸಲ ಬೆಳೆದದ್ದು ನನ್ನಿಂದಲೋ ಅಲ್ಲವೋ ಎಂಬುದು ಇವತ್ತಿಗೂ ನನಗೆ ಖಚಿತವಿಲ್ಲ. ಡಾಕ್ಟರಿಗೂ ಖಚಿತವಿಲ್ಲ. ನನ್ನಿಂದ ಇರಬಹುದು ಎಂದು ಗೊತ್ತಾದ ಮೇಲೂ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಅದು ಮಾತ್ರ ಖಚಿತ. ಅದನ್ನು ಹೇಳುವುದಕ್ಕೆಂದೇ ಬರೆಯಲು ಕೂತಿದ್ದೇನೆ. ಬೇರೆ ಸಂಗತಿಗಳು ಸ್ವಲ್ಪ ಹಿಂದೆ ಮುಂದೆ ಆದರೆ ಓದುವವರು ಸಹಿಸಿಕೊಳ್ಳಬೇಕು.

ನಾವಿರುವುದು ತಿರುಪ್ಪೂರಿನಲ್ಲಿ. ತಾತನ ಕಾಲಕ್ಕೆ ಮನೆಯಲ್ಲಿ ಮಗ್ಗವಿತ್ತು. ನನ್ನ ಕಾಲಕ್ಕೆ ಬನಿಯನ್ ಕಂಪನಿ ಬಂತು. ಮೂವತ್ತು ವರ್ಷ ಓವರ್‌ಲಾಕ್ ಹೊಲಿಗೆ ಮೆಷಿನ್ ತುಳಿದು ಈಗ ಮನೆಯಲ್ಲಿದ್ದೇನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹತ್ತನೇ ತರಗತಿಯವರೆಗೆ ಓದಿದ್ದೂ ತಮಿಳಿನಲ್ಲೇ. ಮನೆಯ ಕನ್ನಡದಲ್ಲಿ ಎಷ್ಟು ತಮಿಳು ಸೇರಿದೆ ಎಂದು ನಮಗೆ ತಿಳಿಯುವುದಿಲ್ಲ. ಎಲ್ಲವೂ ಕನ್ನಡವೆಂದೇ ಆಡುತ್ತೇವೆ. ಕನ್ನಡದ ಅಕ್ಷರ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ. ಆದರೆ ಬರುತ್ತದೆ ಎಂಬಂತೆ ಒಂದು ದಿನ ತಲೆಯಾಡಿಸಿದೆ. ಎಲ್ಲ ಶುರುವಾದದ್ದು ಆ ತಲೆಯಾಡಿಸುವಿಕೆಯಿಂದ.

ಗಂಟು ಮೊದಲು ಗಂಟಾಗಿರಲಿಲ್ಲ. ಭುಜದ ಮೇಲೆ ಒಂದು ಕುರು ಎದ್ದು, ಒಡೆದು, ಮಾಯಿತು. ಮಾಯ್ದ ಕಲೆ ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಗಟ್ಟಿಯಾಗಿ, ಹೊಳೆಯುತ್ತಾ, ಕುರು ಇದ್ದ ಜಾಗವನ್ನೂ ದಾಟಿ ಆಚೀಚೆ ಕಾಲು ಚಾಚಿತು. ನನ್ನ ಹೆಂಡತಿ ಅದಕ್ಕೆ ನಂಡು ಎಂದು ಹೆಸರಿಟ್ಟಳು. ನಂಡು ಎಂದರೆ ಏಡಿ. ಅವಳ ತಂಗಿಯ ಮನೆ ಕೊಯಮತ್ತೂರಿನ ಉಕ್ಕಡದಲ್ಲಿ, ಮೀನು ಮಾರ್ಕೆಟ್ಟಿನ ಹತ್ತಿರ. ಏಡಿಗಳನ್ನು ನೋಡಿ ಪಳಗಿದ ಕಣ್ಣು ಅವಳದು. ನಂಡು ಇವತ್ತು ಕಚ್ಚುತ್ತಿದೆ ಎನ್ನುವಳು, ನಂಡು ಮಲಗಿದೆ ಎನ್ನುವಳು. ನವೆ ತಡೆಯಲಾಗದೆ ರವಿಕೆಯ ತೋಳಿನೊಳಗೆ ಬಾಚಣಿಗೆ ತೂರಿಸಿ ಕೆರೆದುಕೊಳ್ಳುವಳು. ಬಸ್ಸಿನಲ್ಲಿ ಯಾರ ಕೈಯಾದರೂ ತಾಗಿದರೆ ಮುಖ ಕಿವುಚುವಳು. ಮೂರು ವರ್ಷ ಸೆರಗಿನ ಕೆಳಗೆ ಹಾಗೇ ಇಟ್ಟುಕೊಂಡಿದ್ದಳು. ನಾನೂ ಮೂರು ವರ್ಷ ಕೇಳಲಿಲ್ಲ. ಇದೂ ಒಂದು ತಪ್ಪೇ, ಆದರೆ ಇವತ್ತು ಹೇಳಬೇಕಾದ ತಪ್ಪು ಇದಲ್ಲ.

ಕೊನೆಗೆ ತಂಗಿಯ ಒತ್ತಾಯಕ್ಕೆ ಕೊಯಮತ್ತೂರಿಗೆ ಹೋದೆವು. ಪಂಪು ರಿಪೇರಿಯ ವರ್ಕ್‌ಶಾಪುಗಳನ್ನು ದಾಟಿ ಗಣಪತಿ ಎಂಬ ಬಡಾವಣೆಯ ಆಚೆಗೆ ಒಂದು ಆಸ್ಪತ್ರೆ. ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅವರ ತಮಿಳು ಎಡವುತ್ತಿತ್ತು. ಪಕ್ಕದಲ್ಲಿ ಒಬ್ಬ ನರ್ಸಮ್ಮ ನಿಂತು ರೋಗಿಗಳಿಗೆ ತಮಿಳಿನಲ್ಲಿ ಬಿಡಿಸಿ ಹೇಳುತ್ತಿದ್ದರು. ನನ್ನ ಹೆಂಡತಿ ನನ್ನ ಕಡೆ ತಿರುಗಿ ಮನೆಯ ಮಾತಿನಲ್ಲಿ ಏನೋ ಅಂದದ್ದನ್ನು ಕೇಳಿ ಡಾಕ್ಟರು ತಲೆಯೆತ್ತಿದರು. ನೀವು ಕನ್ನಡದವರಾ ಎಂದು ಕೇಳಿದರು. ಅವರು ದಾವಣಗೆರೆ ಕಡೆಯವರಂತೆ. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಬೀದಿಯಲ್ಲಿ ಎಂದೂ ಬೇಕಾಗದ ಮಾತು ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಬೇಕಾಯಿತು. ನರ್ಸಮ್ಮ ವಿವರಿಸಲು ಬಾಯಿ ತೆರೆದಾಗ ನಾನು ಕೈ ಎತ್ತಿ, ಬೇಡಮ್ಮ, ನಾವು ಕನ್ನಡದವರು, ಡಾಕ್ಟರು ಹೇಳಿದ್ದೇ ಸಾಕು ಎಂದೆ. ಅವರು ಪರದೆಯ ಆಚೆಗೆ ಹೋದರು.

ಡಾಕ್ಟರು ಹೇಳಿದ್ದು ಬಹಳ ಮಟ್ಟಿಗೆ ಅರ್ಥವಾಯಿತು. ಇದು ಕ್ಯಾನ್ಸರ್ ಅಲ್ಲ, ಅಂಟುವಂಥದ್ದಲ್ಲ. ಗಾಯ ಮಾಯುವ ಕೆಲಸ ಎಲ್ಲಿ ನಿಲ್ಲಬೇಕೆಂದು ಕೆಲವರ ಮೈಗೆ ತಿಳಿಯುವುದಿಲ್ಲ. ಬರೀ ಕೊಯ್ದು ತೆಗೆದರೆ ಮೊದಲಿಗಿಂತ ದೊಡ್ಡದಾಗಿ ಬರಬಹುದು. ಅದಕ್ಕೆ ಕೊಯ್ದ ಮೇಲೆ ತಿಂಗಳಿಗೊಂದು ಇಂಜೆಕ್ಷನ್, ಮೇಲೆ ಅಂಟಿಸಿಕೊಳ್ಳಲು ಜೆಲ್ಲಿಯಂಥ ಒಂದು ಹಾಳೆ, ಆಮೇಲೆ ಮನೆಯಲ್ಲಿ ಮಾಡಬೇಕಾದದ್ದು. ಅದನ್ನು ಹೇಳುವಾಗ ನನ್ನ ಮುಖವನ್ನೇ ನೋಡಿ ಹೇಳಿದರು.

"ಗಾಯ ಪೂರ್ತಿ ಒಣಗಿದ ಮೇಲೆ ಬಟ್ಟೆಯಿಂದ ಒತ್ತಡ ಕೊಡಬೇಕು ಅಜ್ಜಾರೆ. ಎಷ್ಟು ಹೆಚ್ಚು ಹೊತ್ತು ಕೊಡ್ತೀರೋ ಅಷ್ಟು ಒಳ್ಳೇದು. ಅದನ್ನ ಬಿಟ್ರೆ ಮತ್ತೆ ಬೆಳೆಯುತ್ತೆ."

ಆಯಿತಮ್ಮ, ನಾನೇ ಕೊಡುತ್ತೇನೆ ಎಂದೆ. ಅವರಿಗೆ ಮೆಚ್ಚುಗೆಯಾಯಿತು. ಮೇಜಿನ ಒಳಗಿಂದ ಒಂದು ಹಾಳೆ ತೆಗೆದು, ಊರಿನಿಂದ ತಂದ ಕನ್ನಡದ್ದು, ಇಲ್ಲಿ ಕೇಳುವವರೇ ಇರಲಿಲ್ಲ, ಓದಿಕೊಳ್ಳಿ ಎಂದು ಕೊಟ್ಟರು. ಹಾಳೆಯನ್ನು ಕಣ್ಣಿನ ಮುಂದೆ ಹಿಡಿದು ಸಾಲಿನಿಂದ ಸಾಲಿಗೆ ಕಣ್ಣು ಓಡಿಸಿ ತಲೆಯಾಡಿಸಿದೆ. ಒಂದಕ್ಷರವೂ ತಿಳಿಯಲಿಲ್ಲ. ಹೊರಗೆ ಬಂದಾಗ ನರ್ಸಮ್ಮ ತಮಿಳಿನ ಹಾಳೆ ಬೇಕೇ ಎಂದು ಕೇಳಿದರು. ಬೇಡ ಎಂದೆ.

ತಮಿಳಿನಲ್ಲಿ ಒತ್ತಡಂ ಎಂದರೆ ಶಾಖ. ಉಪ್ಪನ್ನೋ ಮರಳನ್ನೋ ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ನೋವಿದ್ದ ಜಾಗಕ್ಕೆ ಒತ್ತಿ ಒತ್ತಿ ತೆಗೆಯುವುದು. ನಮ್ಮ ಮನೆಯ ಕನ್ನಡದಲ್ಲೂ ಅದಕ್ಕೆ ಅದೇ ಮಾತು. ಅಮುಕುವುದಕ್ಕೆ ನಾವು ಅಮುಕು ಎನ್ನುತ್ತೇವೆ. ಒತ್ತಡ ಎಂಬುದಕ್ಕೆ ಬೇರೆ ಅರ್ಥ ಇರಬಹುದೆಂದು ನಾನು ಯಾಕಾದರೂ ಯೋಚಿಸಲಿ? ಬಟ್ಟೆಯಿಂದ ಎಂದೂ ಹೇಳಿದ್ದರಲ್ಲ.

ಕೊಯ್ದ ಗಾಯ ಒಣಗಿತು. ಭುಜ ನುಣ್ಣಗೆ, ಒಂದು ತೆಳುಗೆರೆ ಮಾತ್ರ ಉಳಿಯಿತು. ಆ ಭುಜವನ್ನು ಅವಳು ಕನ್ನಡಿಯಲ್ಲಿ ತಿರುಗಿ ತಿರುಗಿ ನೋಡಿಕೊಂಡದ್ದು ನನಗೆ ನೆನಪಿದೆ. ನಾನು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಜೆಲ್ಲಿ ಹಾಳೆಯನ್ನು ತೆಗೆದಿಟ್ಟು ಕಲ್ಲುಪ್ಪು ಹುರಿದು ಶಾಖ ಕೊಡತೊಡಗಿದೆ. ಮದುವೆಯಾದಂದಿನಿಂದ ಅವಳಿಗೆ ಅಷ್ಟು ಹೊತ್ತು ನಾನು ಏನನ್ನೂ ಮಾಡಿದವನಲ್ಲ. ಅವಳು ಮೊರದ ಮೇಲೆ ಅಕ್ಕಿ ಆರಿಸುತ್ತಾ ಕೂರುವಳು, ನಾನು ಹಿಂದೆ ಕೂತು ಉಪ್ಪಿನ ಗಂಟನ್ನು ಒತ್ತುವೆ. ಗಂಡ ಒತ್ತಡಂ ಕೊಡುತ್ತಾನೆಂದು ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ಏನುಂಗ, ಸೂಡು ಜಾಸ್ತಿ ಆಯ್ತು" ಎಂದು ಒಂದೆರಡು ಸಲ ಅಂದಳು. ಬಿಸಿ ಇದ್ದರೇ ಹಿಡಿಯುವುದು, ಡಾಕ್ಟರು ಹೇಳಿದ್ದು ಕೇಳಲಿಲ್ಲವೇ ಎಂದು ನಾನು. ಅವಳು ಮತ್ತೆ ಅಕ್ಕಿ ಆರಿಸತೊಡಗುವಳು.

ಒಂದು ತಿಂಗಳಿಗೆ ಇಂಜೆಕ್ಷನ್ನಿಗೆ ಹೋದಾಗ ಆ ಡಾಕ್ಟರು ಇರಲಿಲ್ಲ, ಹೆರಿಗೆ ರಜೆ. ಇನ್ನೊಬ್ಬರು ಸೂಜಿ ಹಾಕಿ, ಹೇಳಿದ್ದನ್ನೆಲ್ಲ ಮಾಡುತ್ತಿದ್ದೀರಾ ಎಂದು ತಮಿಳಿನಲ್ಲಿ ಕೇಳಿದರು. ಎಲ್ಲವನ್ನೂ ತಪ್ಪದೆ ಮಾಡುತ್ತಿದ್ದೇವೆ ಎಂದು ಎದೆಯುಬ್ಬಿಸಿ ಹೇಳಿದೆ. ಏನನ್ನು ಮಾಡುತ್ತಿದ್ದೀರಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ? ಈ ಪ್ರಶ್ನೆಯನ್ನು ಎಷ್ಟು ಸಲ ಹಾಕಿಕೊಂಡಿದ್ದೇನೋ. ಅದು ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಪ್ರಶ್ನೆ ಎಂದು ಆಮೇಲೆ ತೋರುತ್ತದೆ.

ಅಲ್ಲಿಂದ ಬಂದ ಮೇಲೆ ಗೆರೆ ಕೆಂಪಾಯಿತು, ನವೆ ಶುರುವಾಯಿತು. ಶಾಖ ಸಾಲದೆಂದು ನಾನು ಉಪ್ಪನ್ನು ಇನ್ನಷ್ಟು ಹುರಿದೆ. ಒಂದು ಬೆಳಗ್ಗೆ ಉಪ್ಪಿನ ಗಂಟು ತೆಗೆದಾಗ ಗೆರೆಯ ಪಕ್ಕದಲ್ಲಿ ಬೊಬ್ಬೆ ಎದ್ದಿತ್ತು. ಬೊಬ್ಬೆಯನ್ನು ಆಸ್ಪತ್ರೆಯಲ್ಲಿ ತೋರಿಸಲು ನಾಚಿಕೆಯಾಗಿ, ಇದು ಮಾಯಲಿ, ಆಮೇಲೆ ಹೋಗೋಣ ಎಂದು ಮುಂದಿನ ಇಂಜೆಕ್ಷನ್ನನ್ನು ತಪ್ಪಿಸಿದೆ. ಅದು ಮಾಯುವ ಹೊತ್ತಿಗೆ ನಂಡು ವಾಪಸು ಬಂದಿತ್ತು. ಮೊದಲಿಗಿಂತ ಅಗಲ, ಮೊದಲಿಗಿಂತ ಕೆಂಪು. ಶಾಖ ನಿಂತಿತು, ಆಸ್ಪತ್ರೆಯೂ ನಿಂತಿತು.

ಯಾಕೆ ಬಂತು ಎಂಬುದಕ್ಕೆ ನನ್ನ ಹೆಂಡತಿಯೇ ಕಾರಣ ಹುಡುಕಿದಳು. ಗಾಯ ಒಣಗುತ್ತಿದ್ದಾಗ ಉಕ್ಕಡಕ್ಕೆ ಹೋಗಿ ತಂಗಿಯ ಮನೆಯಲ್ಲಿ ಕರುವಾಡು, ಅಂದರೆ ಒಣಮೀನು, ತಿಂದಿದ್ದಳು. ಬದನೆಕಾಯಿಯನ್ನೂ ತಿಂದಿದ್ದಳು. ಎರಡೂ ನಂಜು ಎಂದು ನಮ್ಮ ಹೆಂಗಸರ ನಂಬಿಕೆ. ಡಾಕ್ಟರು ತಿನ್ನಬೇಡಿ ಎಂದು ಎಲ್ಲೂ ಹೇಳಿರಲಿಲ್ಲ. ಆದರೂ ಅವಳು ಅವೆರಡನ್ನೂ ಬಿಟ್ಟಳು. ನನಗೆ ಮಾಡಿ ಬಡಿಸಿ, ತಾನು ಮೊಸರು ಕಲೆಸಿಕೊಂಡು ಉಣ್ಣುವಳು. ಕರುವಾಡು ಇಲ್ಲದೆ ಅವಳಿಗೆ ಊಟ ಇಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಒಂದು ದಿನ ತಟ್ಟೆಯ ಮುಂದೆ ಕೂತು, ನನ್ನ ಬಾಯಿ ಚಪಲಕ್ಕೆ ನಿಮ್ಮ ಅಷ್ಟು ದಿನದ ಕೆಲಸ ಹಾಳಾಯಿತು ಎಂದು ನನ್ನ ಕ್ಷಮೆ ಕೇಳಿದಳು. ಪರವಾಯಿಲ್ಲ ಬಿಡು ಎಂದೆ. ಆವತ್ತು ನನಗೂ ನಿಜ ತಿಳಿದಿರಲಿಲ್ಲ. ತಿಳಿದಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಬರೆಯಬೇಕೆನಿಸುತ್ತದೆ. ಯಾಕೆಂದರೆ ಆಮೇಲಿನ ದಿನಗಳ ಬಗ್ಗೆ ಹಾಗೆ ಬರೆಯಲಾರೆ.

ನಮ್ಮ ಮಹಡಿಯ ಕೋಣೆಗೆ ತುಮಕೂರು ಕಡೆಯ ಒಬ್ಬ ಹೆಣ್ಣುಮಗಳು ಬಾಡಿಗೆಗೆ ಬಂದಳು. ಎಕ್ಸ್‌ಪೋರ್ಟ್ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಒಂದು ಸಂಜೆ ಮೆಟ್ಟಿಲು ಹತ್ತುತ್ತಿದ್ದಳು, ಮುಖ ಬಾಡಿತ್ತು. ಏನಮ್ಮ ಎಂದೆ.

"ಒತ್ತಡ ಅಂಕಲ್. ಆಫೀಸಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಬರೀ ಒತ್ತಡ."

ನನಗೆ ನಗು ಬಂತು. "ನಿಮ್ಮ ಆಫೀಸು ಪರವಾಯಿಲ್ಲಮ್ಮ. ಮೂವತ್ತು ವರ್ಷ ಬೆನ್ನು ನೋವು ಅಂತ ಕೂತಿದ್ರೂ ನಮ್ಮ ಕಂಪನೀಲಿ ಯಾರೂ ಒತ್ತಡಂ ಕೊಡ್ಲಿಲ್ಲ."

ಅವಳು ಅರ್ಥವಾಗದೆ ನಿಂತಳು. ಉಪ್ಪಿನ ಗಂಟು, ಬಾಣಲೆ ಎಂದು ನಾನು ಬಿಡಿಸಿ ಹೇಳಿದ ಮೇಲೆ ನಗುತ್ತಾ, ಅದಕ್ಕೆ ನಮ್ಮಲ್ಲಿ ಶಾಖ ಅಂತೀವಿ ಅಂಕಲ್, ಒತ್ತಡ ಅಂದ್ರೆ ಹೀಗೆ ಎಂದು ಅಂಗೈಯನ್ನು ಮೆಟ್ಟಿಲಿನ ಕಂಬಿಯ ಮೇಲೆ ಊರಿ ಅಮುಕಿ ತೋರಿಸಿದಳು. ಪ್ರೆಶರ್ ಎಂದಳು. ಮೇಲೆ ಹೋದಳು.

ನಾನು ಅಲ್ಲೇ ಕೂತಿದ್ದೆ. ಒಳಗೆ ನನ್ನ ಹೆಂಡತಿ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಬಟ್ಟೆಯಿಂದ ಒತ್ತಡ. ಬಿಗಿಯಾದ ಬಟ್ಟೆ. ಜೀವಮಾನವೆಲ್ಲ ಮೈಗೆ ಬಿಗಿಯಾಗಿ ಕೂರುವ ಬಟ್ಟೆ ಹೊಲಿದವನಿಗೆ ಡಾಕ್ಟರು ಬಿಗಿಬಟ್ಟೆ ಹಾಕು ಎಂದು ಹೇಳಿದ್ದರು. ಅವನು ಉಪ್ಪು ಹುರಿದಿದ್ದ.

ಅಥವಾ ಹಾಗೆ ಹೇಳಿರಲಿಲ್ಲವೋ? ಆ ಹುಡುಗಿಯ ಕನ್ನಡ ಬೇರೆ, ದಾವಣಗೆರೆಯ ಕನ್ನಡ ಬೇರೆ ಇರಬಹುದಲ್ಲ? ಡಾಕ್ಟರು ಶಾಖವನ್ನೇ ಹೇಳಿದ್ದರೆ? ಹಾಳೆಯಲ್ಲಿ ಬರೆದಿರುತ್ತದೆ. ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಮಡಿಸಿಟ್ಟ ಹಾಳೆ. ಅದನ್ನು ಮೇಲಕ್ಕೆ ಒಯ್ದು ಓದಿಸಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ನಾನು ಒಯ್ಯಲಿಲ್ಲ. ಬದಲಿಗೆ ಮರುದಿನ ಆ ಹುಡುಗಿಗೆ, ನನಗೆ ಕನ್ನಡ ಅಕ್ಷರ ಕಲಿಸಮ್ಮ ಎಂದೆ. ನಾನೇ ಓದಿ ತಿಳಿಯಬೇಕು, ಅದೇ ನನ್ನ ತಪ್ಪಿಗೆ ಶಿಕ್ಷೆ ಎಂದು ಮನಸ್ಸಿಗೆ ಹೇಳಿಕೊಂಡೆ. ಶಿಕ್ಷೆಯೇ ಆಗಿತ್ತೋ, ಹೇಳುವ ದಿನವನ್ನು ಮುಂದೂಡುವ ಉಪಾಯವಾಗಿತ್ತೋ? ಆಗ ಶಿಕ್ಷೆ ಎನಿಸಿತ್ತು. ಈಗ ಉಪಾಯ ಎನಿಸುತ್ತದೆ. ಕೆಲವು ದಿನ ಎರಡೂ ಎನಿಸುತ್ತದೆ.

ಭಾನುವಾರ ಬೆಳಗ್ಗೆ ಪಾಠ. ಉಳಿದ ದಿನ ಹಳೇ ಕ್ಯಾಲೆಂಡರಿನ ಹಿಂದೆ ತಿದ್ದುವುದು. ಬಾಯಿಗೆ ಬರುವ ಮಾತೇ ಕೈಗೆ ಬರುವಾಗ ಅಪರಿಚಿತವಾಗುತ್ತಿತ್ತು. ತಮಿಳಿನಲ್ಲಿ ಒಂದೇ ಕ, ಇಲ್ಲಿ ನಾಲ್ಕು. ನನ್ನ ಹೆಂಡತಿಗೆ ಇದೆಲ್ಲ ದೊಡ್ಡ ಹೆಮ್ಮೆ. ಈ ವಯಸ್ಸಿನಲ್ಲಿ ಅಕ್ಷರ ಕಲಿಯುತ್ತಾರೆ ನೋಡು ಎಂದು ತಂಗಿಗೆ ಫೋನಿನಲ್ಲಿ ಹೇಳುವಳು. ನಾನು ತಿದ್ದಲು ಕೂತರೆ ಕೇಳದೆಯೇ ಕಾಪಿ ತಂದಿಡುವಳು. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಭುಜ ಕೆರೆಯುತ್ತಾ. ಆ ಕಾಪಿಯನ್ನು ಎರಡು ತಿಂಗಳು ಕುಡಿದೆ.

ಓದಲು ಬಂದ ದಿನ ಹಾಳೆ ತೆಗೆದೆ. ಅಕ್ಷರ ಕೂಡಿಸಿ ಕೂಡಿಸಿ ಆ ಸಾಲು ಸಿಕ್ಕಿತು. ಗಾಯ ಒಣಗಿದ ಮೇಲೆ ಬಿಗಿಯಾದ ಬಟ್ಟೆಯಿಂದ ಒತ್ತಡ ಕೊಡಿ. ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿ ಧರಿಸಿ. ಅದರ ಕೆಳಗೆ, ಬಿಸಿ ತಾಗಿಸಬೇಡಿ, ಕೆರೆಯಬೇಡಿ. ಬಿಸಿ ಎಂಬ ಎರಡು ಅಕ್ಷರ ಬಹಳ ಸುಲಭದವು. ಮೊದಲ ವಾರದಲ್ಲೇ ಕಲಿತಿದ್ದೆ.

ಅದೇ ದಿನ ಅವಳ ತಂಗಿ ಫೋನ್ ಮಾಡಿ, ಆ ಡಾಕ್ಟರಮ್ಮ ರಜೆ ಮುಗಿಸಿ ಬಂದಿದ್ದಾರಂತೆ, ಅಕ್ಕನನ್ನು ಕರೆದುಕೊಂಡು ಬನ್ನಿ ಎಂದಳು. ನನ್ನ ಹೆಂಡತಿ ಬರುವುದಿಲ್ಲ ಎಂದಳು. ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ, ಇನ್ನೊಮ್ಮೆ ಕೊಯ್ಸಿಕೊಂಡು ಇನ್ನೊಮ್ಮೆ ಹಾಳು ಮಾಡಲೇ ಎಂದಳು. ಎಷ್ಟು ಹೇಳಿದರೂ ಅದೇ ಮಾತು. ತಪ್ಪು ತನ್ನ ನಾಲಿಗೆಯದು ಎಂದು ಅವಳು ನಂಬಿರುವವರೆಗೆ ಬಸ್ಸು ಹತ್ತುವುದಿಲ್ಲ ಎಂದು ನನಗೆ ಅರ್ಥವಾಯಿತು. ನಾನು ಬಾಯಿ ಬಿಡದಿದ್ದರೆ ನಂಡು ಅವಳ ಭುಜದ ಮೇಲೆ ಕೂತೇ ಇರುತ್ತದೆ.

ಮರುದಿನ ಬೆಳಗ್ಗೆ ಅವಳು ಈಳಿಗೆಮಣೆಯ ಮುಂದೆ ಕೂತು ನನಗಾಗಿ ಬದನೆಕಾಯಿ ಹೆಚ್ಚುತ್ತಿದ್ದಳು. ನಾನು ಹಾಳೆ ಹಿಡಿದು ಎದುರು ಕೂತು ಹೇಳಿದೆ. ಎಲ್ಲಿಂದ ಶುರು ಮಾಡಿದೆನೋ ಗೊತ್ತಿಲ್ಲ. ತುಮಕೂರಿನ ಹುಡುಗಿ, ಕಂಬಿ, ಉಪ್ಪು, ಎಲ್ಲ ಕಲಸಿಹೋಯಿತು. ಕೊನೆಗೆ, ಡಾಕ್ಟರು ಅಮುಕು ಅಂದದ್ದು, ನಾನು ಸುಟ್ಟೆ ಎಂದೆ.

ಅವಳ ಕೈ ನಿಂತಿತು. "ಹಂಗಾದ್ರೆ ಕರುವಾಡು ತಿಂದದ್ದಕ್ಕೆ ಅಲ್ವಾ?"

ಅಲ್ಲ ಎಂದೆ.

"ಎಂಟು ತಿಂಗಳು ಬಾಯಿ ಕಟ್ಟಿ ಕೂತಿದ್ದೀನುಂಗ ನಾನು."

ಅಷ್ಟೇ. ಸುಟ್ಟ ಭುಜದ ಬಗ್ಗೆ ಒಂದು ಮಾತಿಲ್ಲ. ಪಕ್ಕದಲ್ಲಿದ್ದ ಇನ್ನೂ ಎರಡು ಬದನೆಕಾಯಿ ಎಳೆದುಕೊಂಡು ಹೆಚ್ಚಿ ನೀರಿಗೆ ಹಾಕಿದಳು, ತನ್ನ ಪಾಲಿನವು. ಆಮೇಲೆ ತಲೆಯೆತ್ತದೆ ಕೇಳಿದಳು.

"ಯಾವಾಗ ಗೊತ್ತಾಯ್ತು?"

"ನಿನ್ನೆ. ಓದಿದಾಗ" ಎಂದೆ.

ಓದಿದ್ದು ನಿನ್ನೆಯೇ. ಅದರಲ್ಲಿ ಸುಳ್ಳಿಲ್ಲ. ಆದರೆ ಅವಳು ಕೇಳಿದ್ದು ಅದನ್ನಲ್ಲ.

ಆ ವಾರವೇ ಅವಳು ಬಸ್ಸು ಹತ್ತಿದಳು. ಡಾಕ್ಟರಿಗೆ ನಾನು ಎಲ್ಲ ಹೇಳಿದೆ, ಈ ಸಲ ನರ್ಸಮ್ಮನನ್ನೂ ನಿಲ್ಲಿಸಿಕೊಂಡು ಎರಡು ಭಾಷೆಯಲ್ಲೂ ಹೇಳಿದೆ. ಏನು ಅರ್ಥವಾಯಿತೆಂದು ನಿಮ್ಮ ಬಾಯಿಂದಲೇ ಹೇಳಿಸಬೇಕಿತ್ತು, ನನ್ನದೂ ತಪ್ಪಿದೆ ಎಂದು ಡಾಕ್ಟರು ಹೇಳಿದರು. ಸುಟ್ಟ ಗಾಯದಿಂದ ಇದು ಕೆರಳಿರಬಹುದು, ಇಂಜೆಕ್ಷನ್ ತಪ್ಪಿದ್ದರಿಂದ ಇರಬಹುದು. ಎಲ್ಲವನ್ನೂ ಸರಿಯಾಗಿ ಮಾಡಿದವರಿಗೂ ಮರಳಿ ಬರುವುದುಂಟು, ಇಂಥದ್ದರಿಂದಲೇ ಎಂದು ಹೇಳಲಾಗುವುದಿಲ್ಲ ಎಂದರು. ಅವರ ಆ ಮಾತು ನನ್ನನ್ನು ಹಗುರ ಮಾಡಬೇಕಿತ್ತು. ಮಾಡಲಿಲ್ಲ. ನನ್ನ ತಪ್ಪಿಗೆ ಎಷ್ಟು ತೂಕವೆಂದು ಗೊತ್ತಾಗಿದ್ದರೆ ಹೊರುವುದು ಸುಲಭವಿತ್ತೇನೋ.

ಈ ಸಲ ತಕ್ಷಣ ಕೊಯ್ಯಲಿಲ್ಲ. ಗಂಟಿನೊಳಕ್ಕೇ ತಿಂಗಳಿಗೊಂದು ಇಂಜೆಕ್ಷನ್. ಸೂಜಿ ಹೋಗುವಾಗ ಅವಳು ನನ್ನ ಮಣಿಕಟ್ಟು ಹಿಡಿಯುತ್ತಾಳೆ. ಉಗುರಿನ ಗುರುತು ಮನೆಗೆ ಬರುವವರೆಗೂ ಇರುತ್ತದೆ. ಮೂರು ಇಂಜೆಕ್ಷನ್ ಆಗಿದೆ. ಗಂಟು ಮೆತ್ತಗಾಗಿದೆ, ನವೆ ಬಹಳ ಕಡಿಮೆ. ಭುಜಕ್ಕೆ ಬಿಗಿಯಾಗಿ ಕೂರುವ ಅರ್ಧ ರವಿಕೆಯಂಥದ್ದನ್ನು ನಾನೇ ಹೊಲಿದೆ, ಎಳೆದರೆ ಹಿಗ್ಗುವ ದಪ್ಪ ರಿಬ್ ಬಟ್ಟೆಯಲ್ಲಿ, ಹಿಂದೆ ಮೂರು ಸಾಲು ಹುಕ್ಕು. ಅಳತೆ ಡಾಕ್ಟರೇ ಹೇಳಿದರು, ಹಾಕಿಸಿ ನೋಡಿ ಒಂದು ಹೊಲಿಗೆ ಬಿಚ್ಚಿಸಿದರು. ಕೈ ಜೋಮು ಹಿಡಿದರೆ ಸಡಿಲಿಸಬೇಕು. ಅದರ ಒಳಗೆ ಜೆಲ್ಲಿ ಹಾಳೆ. ಆ ಜಾಗದಲ್ಲಿ ಬಾಚಣಿಗೆ ಆಡಿಸುವಂತಿಲ್ಲ, ಬಿಸಿಲು ತಾಗುವಂತಿಲ್ಲ. ಮೈಯಲ್ಲಿ ಬೇರೆಲ್ಲೇ ಗಾಯದ ಕಲೆ ದಪ್ಪವಾಗುತ್ತಿದೆ ಎನಿಸಿದರೂ ಬೆಳೆಯುವ ಮೊದಲೇ ಬಂದು ತೋರಿಸಬೇಕು. ಮೂಗಿನ ಇನ್ನೊಂದು ಕಡೆಗೂ ಚುಚ್ಚಿಸಿಕೊಳ್ಳಬೇಕೆಂದು ಅವಳಿಗೆ ಬಹಳ ವರ್ಷದ ಆಸೆ. ಅದನ್ನೂ ಡಾಕ್ಟರು ಬೇಡವೆಂದರು. ಮತ್ತೆ ಬರುವುದಿಲ್ಲ ಎಂದು ಅವರು ಹೇಳಲಿಲ್ಲ. ವರ್ಷಗಟ್ಟಲೆ ಕಾಯಬೇಕಂತೆ. ಕರುವಾಡು ತಿನ್ನಬಹುದಂತೆ.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ಒಂದು ವಿಷಯ ಕೊರೆಯುತ್ತಿತ್ತು. ಅವಳು ಓದಲಾರದ ಅಕ್ಷರದಲ್ಲಿ ತಪ್ಪೊಪ್ಪಿಕೊಳ್ಳುವುದು ಎಂಥ ಒಪ್ಪಿಗೆ? ಇವತ್ತು ಬೆಳಗ್ಗೆ ಸ್ನಾನ ಮುಗಿಸಿ ಬಂದವಳು, ದಿನಾ ಏನು ಬರೆಯುತ್ತೀರಿ, ಓದಿ ಎಂದಳು. ಓದಿದೆ. ನಂಡು ಬಂದಾಗ ನಕ್ಕಳು. ಬೊಬ್ಬೆ ಬಂದಾಗ ಕಿಟಕಿಯ ಆಚೆ ನೋಡಿದಳು. ಎರಡು ತಿಂಗಳ ಕಾಪಿಯ ಜಾಗ ಬಂದಾಗ ಅದನ್ನು ಹಾರಿಸಿಬಿಡೋಣ ಎನಿಸಿತು. ಆದರೂ ಓದಿದೆ.

"ಆ ಜಾಗ ಇನ್ನೊಂದ್ಸಲ ಓದಿ" ಎಂದಳು.

ಇನ್ನೊಂದು ಸಲ ಓದಿದೆ.

ಆಮೇಲೆ ಎದ್ದು ಬಿಗಿರವಿಕೆಯನ್ನು ತೋಳಿಗೆ ಏರಿಸಿಕೊಂಡು, ದಿನದಂತೆ ನನಗೆ ಬೆನ್ನು ತಿರುಗಿಸಿ ಕೂತಳು. ನಾನು ಎರಡನೇ ಸಾಲಿಗೆ ಹುಕ್ಕು ಹಾಕಿದೆ.

"ಒತ್ತಡ ಸಾಲ್ದು. ಮೂರನೇದಕ್ಕೆ ಹಾಕಿ."

ಒತ್ತಡಂ ಎನ್ನಲಿಲ್ಲ. ತುಮಕೂರಿನವರ ಹಾಗೆ ಒತ್ತಡ ಎಂದಳು. ಅದು ನನ್ನನ್ನು ಚುಚ್ಚುವುದಕ್ಕೋ, ಹುಕ್ಕು ನಿಜವಾಗಿ ಸಡಿಲವಾಗಿತ್ತೋ, ಅವಳ ಬೆನ್ನು ನೋಡಿ ನನಗೆ ತಿಳಿಯಲಿಲ್ಲ. ಮೂರನೆಯದಕ್ಕೆ ಹಾಕಿದೆ. ಅಂಚಿನೊಳಗೆ ಒಂದು ಬೆರಳು ಆಡುತ್ತದೆಯೇ ಎಂದು ನೋಡಿದೆ. ಆಡುತ್ತಿತ್ತು. ಕೈ ಜೋಮು ಹಿಡಿಯುತ್ತಿದೆಯಾ ಎಂದು ಕೇಳಿದೆ. ಇಲ್ಲ ಎಂದಳು.